ಎರಕದ ಮೂರ್ತಿ, ಎರಕದ ಕೈ

ಸಹ್ಯಾದ್ರಿಯ ಜಡಿಮಳೆಯಲ್ಲಿ ಮೀಯುವ ಕಣಕುಂಬಿಯು ಮಲಪ್ರಭೆಯ ತವರು. ಅಲ್ಲಿಂದ ಬೆಳಗಾವಿಗೆ ಹೊರಟ ಬಸ್ಸು ಜಾಂಬೋಟಿಯ ಕಾಡನ್ನು ಹಿಂದಿಕ್ಕಿ ನಗರವನ್ನು ಸಮೀಪಿಸುವಷ್ಟರಲ್ಲಿ ಗುರುತಿನ ಭಾಷೆಯೇ ಬದಲಾಗುತ್ತದೆ. ಕಾಡಿನಲ್ಲಿ ಹಳ್ಳ, ಹೆಮ್ಮರ, ಗುಡಿಗಳು ದಾರಿ ಹೇಳುತ್ತಿದ್ದವು. ನಗರದಲ್ಲಿ ಆ ಕಾರ್ಯ ಪ್ರತಿಮೆಗಳ ಪಾಲಿಗೆ ಬಂದಿದೆ. 'ಚೆನ್ನಮ್ಮ ವೃತ್ತ' ಎಂದೊಡನೆ ಹೊಸಬನಿಗೂ ಬೇರೆ ವಿಳಾಸ ಬೇಕಿಲ್ಲ.

ನಗರದ ಹೊಸ್ತಿಲಲ್ಲಿಯೇ ಪೀರನವಾಡಿ. 2020ರ ಆಗಸ್ಟ್ ತಿಂಗಳಲ್ಲಿ ಇಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆ ತಲೆಯೆತ್ತಿದಾಗ ವಿವಾದವೂ ಜೊತೆಗೇ ತಲೆಯೆತ್ತಿತು. ಇದು ಶಿವಾಜಿಯ ಹೆಸರಿನ ವೃತ್ತವೆಂದು ಒಂದು ಪಕ್ಷ. 1831ರಲ್ಲಿ ನೆರೆಯ ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಗಲ್ಲಿಗೇರಿದ ವೀರನಿಗೆ ಇಲ್ಲಿ ಎಡೆಯಿಲ್ಲವೇ ಎಂದು ಇನ್ನೊಂದು ಪಕ್ಷ. ಕಡೆಗೆ ವೃತ್ತಕ್ಕೆ ಶಿವಾಜಿಯ ಹೆಸರು, ಪ್ರತಿಮೆ ರಾಯಣ್ಣನದು ಎಂಬ ಒಪ್ಪಂದವಾಗಿ ಊರು ತಣ್ಣಗಾಯಿತು. ಜನರು ಇಷ್ಟೊಂದು ಹಚ್ಚಿಕೊಳ್ಳುವ ವಸ್ತು ಕೇವಲ ಅಲಂಕಾರವಾಗಿರಲಾರದು.

ಅಲ್ಲಿಂದ ಮುಂದೆ ಸಾಗಿದರೆ ಉದ್ಯಮಬಾಗ. ಕುಲುಮೆಗಳಲ್ಲಿ ಕಬ್ಬಿಣ ಕರಗಿ ನೀರಾಗುವ ನೆಲ. ಪಂಪುಗಳಿಗೂ ವಾಹನಗಳಿಗೂ ಬೇಕಾದ ಭಾಗಗಳು ಇಲ್ಲಿ ರೂಪ ತಳೆಯುತ್ತವೆ. ಲೋಹದ ಮೂರ್ತಿಯ ಜನನವೂ ಇದಕ್ಕಿಂತ ಬಹಳ ಭಿನ್ನವಲ್ಲ. ಮೊದಲು ಮಣ್ಣಿನ ಮಾದರಿ, ಅದರಿಂದ ಅಚ್ಚು. ಸಾವಿರ ಡಿಗ್ರಿಗೂ ಮಿಕ್ಕಿ ಕುದಿಯುವ ಕಂಚನ್ನು ಅಚ್ಚಿಗೆ ಎರೆಯುತ್ತಾರೆ. ಬೃಹತ್ ಮೂರ್ತಿಯನ್ನು ತುಂಡುತುಂಡಾಗಿ ಎರೆದು, ಒಳಗಿನ ಉಕ್ಕಿನ ಹಂದರಕ್ಕೆ ಬೆಸೆಯುತ್ತಾರೆ. 2022ರಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅನಾವರಣಗೊಂಡ 108 ಅಡಿಯ ಕೆಂಪೇಗೌಡನ ಪ್ರತಿಮೆಯಲ್ಲಿ ಕಂಚು 98 ಟನ್, ಉಕ್ಕು 120 ಟನ್! ಶಿಲ್ಪಿ ರಾಮ್ ಸುತಾರರ ಹೆಸರನ್ನು ನಾಡು ಬಲ್ಲದು. ಕುಲುಮೆಯ ಮುಂದೆ ಬೆವರು ಸುರಿಸಿದವರ ಹೆಸರನ್ನು ಬಲ್ಲವರೆಷ್ಟು ಮಂದಿ?

ಇಂಗ್ಲೆಂಡಿನ ಗೇಟ್ಸ್‌ಹೆಡ್ ಟೈನ್ ನದಿಯ ದಂಡೆಯ ಕೈಗಾರಿಕಾ ಪಟ್ಟಣ. 1998ರಲ್ಲಿ ಅಲ್ಲಿ ಹಳೆಯ ಕಲ್ಲಿದ್ದಲು ಗಣಿಯ ನೆಲದ ಮೇಲೆ ಆಂಟನಿ ಗಾರ್ಮ್ಲಿ ಎಂಬ ಶಿಲ್ಪಿ 'ಉತ್ತರದ ದೇವದೂತ'ನನ್ನು ನಿಲ್ಲಿಸಿದನು. ಎತ್ತರ 20 ಮೀಟರು, ರೆಕ್ಕೆಗಳ ಹರವು 54 ಮೀಟರು. ಮೊದಲು ಊರಿನವರೇ ಅನೇಕರು ಮೂಗು ಮುರಿದರು. ಇಂದು ಅದು ಅವರ ಹೆಮ್ಮೆ. ಅದು ಅರಸನ ಮೂರ್ತಿಯಲ್ಲ, ಸೇನಾನಿಯದೂ ಅಲ್ಲ. ಕೆಳಗೆ ಕತ್ತಲೆಯಲ್ಲಿ ದುಡಿದ ಗಣಿಗಾರರನ್ನು ನೆನಪಿಸುವ ಗುರುತು. ಅದರ ಉಕ್ಕಿಗೆ ಬಣ್ಣವಿಲ್ಲ. ಮಳೆಗೆ ಹಿಡಿದ ತುಕ್ಕಿನ ತೆಳುಪದರವೇ ಒಳಗಿನ ಉಕ್ಕಿಗೆ ಕವಚ.

ವೀರರಿಗೆ ವೃತ್ತಗಳು ಸಲ್ಲಬೇಕಾದುದೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಲೋಹದಿಂದಲೇ ಅನ್ನ ಕಾಣುವ ಬೆಳಗಾವಿಯು, ಎರಕ ಹೊಯ್ಯುವ ಕೈಗಳಿಗೂ ಒಂದು ಎರಕದ ಗುರುತನ್ನು ಬಯಲಿನಲ್ಲಿ ನಿಲ್ಲಿಸಿದರೆ ಯಾವ ಪಕ್ಷಕ್ಕೆ ನೋವಾದೀತು? ಕುಲುಮೆಯ ಮುಂದೆ ಕನ್ನಡದವನೂ ಮರಾಠಿಯವನೂ ಒಂದೇ ಸಟ್ಟುಗವನ್ನು ಹಿಡಿಯುತ್ತಾರೆ. ಹಾಗೊಂದು ಮೂರ್ತಿ ನಿಂತರೆ, ಕಣಕುಂಬಿಯ ಬಸ್ಸಿನಿಂದ ಇಳಿದ ಹುಡುಗನೊಬ್ಬ ಅದರ ಕಡೆಗೆ ಬೆರಳು ಮಾಡಿ, "ನಮ್ಮಪ್ಪನ ಕೆಲಸ ಇದು" ಎಂದು ಹೇಳಬಹುದು. ಆ ಮಾತಿಗಿಂತ ದೊಡ್ಡ ಶಿಲಾಶಾಸನ ಯಾವ ಊರಿಗೆ ಬೇಕು?