ಕೈಗಡಿಯಾರಕ್ಕೆ ಎಷ್ಟು ವ್ಯಾಟ್ ಬೇಕು?

ಪರದೇಶದಲ್ಲಿ ನೆಲೆಸಿರುವ ಮಕ್ಕಳು ಊರಿನಲ್ಲಿರುವ ವೃದ್ಧ ತಂದೆತಾಯಿಗಳಿಗೆ ಸ್ಮಾರ್ಟ್ ವಾಚ್ ಕಳುಹಿಸಿಕೊಡುವುದನ್ನು ನಾವು ಈಗ ಅನೇಕ ಕುಟುಂಬಗಳಲ್ಲಿ ಕಾಣುತ್ತಿದ್ದೇವೆ. ಧರಿಸಿದವರು ಜಾರಿ ಬಿದ್ದರೆ ಅದನ್ನು ತಾನಾಗಿಯೇ ಗುರುತಿಸಿ ತುರ್ತು ಕರೆ ಮಾಡುವ ಸೌಲಭ್ಯ ಕೆಲವು ಮಾದರಿಗಳಲ್ಲುಂಟು. ಆಪಲ್ ಕಂಪನಿಯ ಗಡಿಯಾರಕ್ಕೆ ಇದು ೨೦೧೮ರಲ್ಲಿ ಬಂದಿತು. ಆದರೆ ಬ್ಯಾಟರಿ ಬರಿದಾದ ಗಡಿಯಾರವು ಬಚ್ಚಲಲ್ಲಿ ಬಿದ್ದ ಅಜ್ಜನ ಪಾಲಿಗೆ ಬರಿಯ ಬಳೆ. ಆದುದರಿಂದ ಅದನ್ನು ಚಾರ್ಜ್ ಮಾಡುವ ವಿಷಯವನ್ನೇ ಈ ಸಲ ಎತ್ತಿಕೊಂಡಿದ್ದೇವೆ.

ಆಪಲ್ ಕಂಪನಿಯು ೨೦೨೦ರಲ್ಲಿ ಗಡಿಯಾರದ ಜೊತೆ ಅಡಾಪ್ಟರ್ ಕೊಡುವುದನ್ನು ನಿಲ್ಲಿಸಿತು. ಬರುವುದು ತುದಿಯಲ್ಲಿ ಅಯಸ್ಕಾಂತದ ಬಿಲ್ಲೆಯಿರುವ ತಂತಿ ಮಾತ್ರ. ಮನೆಯಲ್ಲಿರುವುದೋ ಫೋನಿನ ೨೦ ವ್ಯಾಟಿನ ಅಡಾಪ್ಟರ್, ಇಲ್ಲವೆ ಲ್ಯಾಪ್‌ಟಾಪಿನ ೬೫ ವ್ಯಾಟಿನದು. ಇಷ್ಟು ಪುಟ್ಟ ವಸ್ತುವಿಗೆ ಅಷ್ಟು ಕರೆಂಟು ಕೊಟ್ಟರೆ ಸುಟ್ಟುಹೋಗದೇ ಎಂದು ಹಿರಿಯರು ಅಂಜುವುದು ಸಹಜವೇ. ಆದರೆ ಅಡಾಪ್ಟರಿನ ಮೇಲೆ ಅಚ್ಚಾದ ವ್ಯಾಟ್ ಅದು ಕೊಡಬಲ್ಲ ಗರಿಷ್ಠ ಪ್ರಮಾಣವೇ ಹೊರತು, ಒತ್ತಾಯದಿಂದ ನೂಕುವ ಪ್ರಮಾಣವಲ್ಲ. ಹಗೇವಿನಲ್ಲಿ ನೂರು ಚೀಲ ಜೋಳವಿದ್ದರೂ ಅಂದಿನ ರೊಟ್ಟಿಗೆ ತೆಗೆಯುವುದು ಒಂದು ಸೇರು ತಾನೆ?

ಎಷ್ಟು ಬೇಕೆಂಬುದನ್ನು ನಿರ್ಧರಿಸುವುದು ಗಡಿಯಾರ. ಬಿಲ್ಲೆಯೊಳಗಿನ ತಂತಿಸುರುಳಿಯಲ್ಲಿ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ವಿದ್ಯುತ್ ಹರಿದಾಗ, ಗಡಿಯಾರದ ಬೆನ್ನಿನಲ್ಲಿರುವ ಇನ್ನೊಂದು ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ೧೮೩೧ರಲ್ಲಿ ಮೈಕೇಲ್ ಫ್ಯಾರಡೆ ಕಂಡುಕೊಂಡ ತತ್ತ್ವವಿದು. ಫೋನುಗಳಲ್ಲಿ ಬಳಕೆಯಲ್ಲಿರುವ ‘ಚೀ’ ಪದ್ಧತಿಯಲ್ಲಿ, ಪಡೆಯುವ ಉಪಕರಣವೇ ‘ಇನ್ನಷ್ಟು ಕೊಡು’, ‘ಸಾಕು’ ಎಂಬ ಸಂಕೇತಗಳನ್ನು ಅದೇ ಸುರುಳಿಯ ಮೂಲಕ ಹಿಂದಕ್ಕೆ ಕಳುಹಿಸುತ್ತದೆ.

ಒಂದು ಲೆಕ್ಕ ನೋಡೋಣ. ೨೦೨೨ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚ್ ೫ರ ಚಾರ್ಜರ್ ೧೦ ವ್ಯಾಟಿನದು. ದೊಡ್ಡ ಅಳತೆಯ ಗಡಿಯಾರದ ಬ್ಯಾಟರಿ ೪೧೦ ಮಿಲಿಆಂಪಿಯರ್-ಗಂಟೆ, ಅಂದರೆ ಸುಮಾರು ೧.೬ ವ್ಯಾಟ್-ಗಂಟೆಯ ಶಕ್ತಿ. ಹತ್ತು ವ್ಯಾಟ್ ಪೂರ್ತಿ ಒಳಹೊಕ್ಕರೆ ಹತ್ತೇ ನಿಮಿಷದಲ್ಲಿ ತುಂಬಬೇಕಿತ್ತು. ಕಂಪನಿ ಹೇಳುವುದು ಅರ್ಧ ಗಂಟೆಗೆ ಶೇಕಡಾ ೪೫ ಎಂದು. ಬ್ಯಾಟರಿಯಲ್ಲಿ ಶೇಖರವಾದುದು ಸರಾಸರಿ ಒಂದೂವರೆ ವ್ಯಾಟಿನಷ್ಟೆ ಎಂದಾಯಿತು! ಜಾಹೀರಾತಿನ ಅಂಕಿಗೆ ಮರುಳಾಗುವವರು ಈ ಭಾಗಾಕಾರವನ್ನು ಒಮ್ಮೆ ಮಾಡಿನೋಡಲಿ. ಪುಟ್ಟ ಲಿಥಿಯಂ ಬ್ಯಾಟರಿಗೆ ಅವಸರದ ಊಟ ಒಗ್ಗದು. ಮೇಲಾಗಿ ಸುರುಳಿಯಿಂದ ಸುರುಳಿಗೆ ದಾಟುವಾಗ ಒಂದಂಶ ಬಿಸಿಯಾಗಿ ಸೋರುತ್ತದೆ. ನೀರು ಹೊಗದಂತೆ ಮುಚ್ಚಿದ ಗಡಿಯಾರಕ್ಕೆ ಆ ಬಿಸಿಯನ್ನು ಬೇಗ ಹೊರಹಾಕಲಾಗದು. ಬಿಸಿಯೇರಿದಂತೆ ಅದು ತಾನೇ ವೇಗ ತಗ್ಗಿಸುತ್ತದೆ. ಆಪಲ್‌ನ ಏಳನೆಯ ಸರಣಿ ೨೦೨೧ರಲ್ಲಿ ಸುಮಾರು ೪೫ ನಿಮಿಷಕ್ಕೆ ಶೇಕಡಾ ೮೦ ತುಂಬತೊಡಗಿತು. ಅದೇ ಹೊಸ ತಂತಿಯನ್ನು ಆರನೆಯ ಸರಣಿಗೆ ಹಚ್ಚಿದರೆ ಆ ವೇಗ ದೊರೆಯದು.

ಆದ್ದರಿಂದ ದೊಡ್ಡ ಅಡಾಪ್ಟರಿಗೆ ಅಂಜಬೇಕಿಲ್ಲ. ಅಂಜಬೇಕಾದುದು ಕಳಪೆ ಮಾಲಿಗೆ. ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಬ್ಯೂರೋದ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯಿದೆಯೇ ನೋಡಿರಿ. ಪರದೇಶದಿಂದ ಬಂದುದಾದರೆ ೧೦೦ರಿಂದ ೨೪೦ ವೋಲ್ಟ್ ಎಂದು ಬರೆದಿರಬೇಕು. ಫೋನಿನ ಚಾರ್ಜಿಂಗ್ ಹಲಗೆಯ ಮೇಲೆ ಗಡಿಯಾರವಿಟ್ಟು ಕಾಯುವುದು ವ್ಯರ್ಥ. ಆಪಲ್ ಗಡಿಯಾರವಂತೂ ಸಾಮಾನ್ಯ ‘ಚೀ’ ಹಲಗೆಯಿಂದ ಚಾರ್ಜ್ ಆಗುವುದೇ ಇಲ್ಲ. ಬಿಲ್ಲೆಗೂ ಗಡಿಯಾರಕ್ಕೂ ನಡುವೆ ನಾಣ್ಯ, ಪಿನ್ನು ಸಿಕ್ಕಿಕೊಂಡಿರಬಾರದು. ದಿಂಬಿನಡಿಯಲ್ಲಿ, ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬಾರದು. ಆಪಲ್ ತನ್ನ ಗಡಿಯಾರದ ಬಳಕೆಗೆ ಹೇಳುವ ಮಿತಿ ೩೫ ಡಿಗ್ರಿ ಸೆಲ್ಸಿಯಸ್. ರಾಯಚೂರು, ಕಲಬುರಗಿಗಳ ಬೇಸಿಗೆ ೪೦ನ್ನೂ ದಾಟುತ್ತದೆ. ಅಲ್ಲಿ ಚಾರ್ಜ್ ಮಾಡಲು ಮುಂಜಾನೆಯ ತಂಪು ಹೊತ್ತೇ ಲೇಸು.

ಇನ್ನು ಬಹಳ ಮನೆಗಳಲ್ಲಿ ಅಜ್ಜ ಸ್ನಾನಕ್ಕೆ ಹೋದಾಗ ಗಡಿಯಾರವನ್ನು ಚಾರ್ಜಿಗೆ ಹಚ್ಚುತ್ತಾರೆ. ಜಾರುವ ಭಯ ಹೆಚ್ಚಿರುವುದು ಅಲ್ಲಿಯೇ. ನೀರು ತಡೆಯುವ ಮಾದರಿಯಾದರೆ ಸ್ನಾನದ ವೇಳೆ ಅದು ಕೈಯಲ್ಲೇ ಇರಲಿ. ಅವರು ಪಡಸಾಲೆಯಲ್ಲಿ ನಾಲ್ಕು ಜನರ ನಡುವೆ ಪತ್ರಿಕೆ ಓದುತ್ತ ಕುಳಿತಿರುವಾಗ ಬಿಚ್ಚಿ ಬಿಲ್ಲೆಯ ಮೇಲಿಡಿರಿ.