ಚೌಕಳಿ ಬಟ್ಟೆಯ ಕುಲಗೋತ್ರ

“ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂಬ ಗಾದೆಯನ್ನು ಕಟ್ಟಿದವರು ಲೋಕಜ್ಞರು. ಉಣ್ಣುವ ಅನ್ನಕ್ಕೆ ಉಣ್ಣುವವನೊಬ್ಬನೇ ಯಜಮಾನ; ಉಡುವ ಬಟ್ಟೆಗೆ ಊರೆಲ್ಲ ಯಜಮಾನರು. ಆದರೆ ಒಂದೇ ಒಂದು ಉಡುಪಿಗೆ ಎಷ್ಟು ಮಂದಿ ಕಾವಲುಗಾರರು ನಿಲ್ಲಬಹುದೆಂಬುದನ್ನು ನೋಡಬೇಕಾದರೆ ಸ್ಕಾಟ್ಲೆಂಡಿನ ಕಿಲ್ಟನ್ನು ನೋಡಬೇಕು.

ಕಿಲ್ಟ್ ಎಂದರೆ ಗಂಡಸರು ಸೊಂಟದಿಂದ ಮೊಣಕಾಲಿನವರೆಗೆ ಉಡುವ, ಹಿಂಬದಿಗೆ ನೆರಿಗೆ ಹೊಲಿದ ಉಣ್ಣೆಯ ಉಡುಪು. ಅದರ ಬಟ್ಟೆಗೆ ಟಾರ್ಟನ್ ಎಂದು ಹೆಸರು. ಹಾಸಿನಲ್ಲಿಯೂ ಹೊಕ್ಕಿನಲ್ಲಿಯೂ ಒಂದೇ ಕ್ರಮದಲ್ಲಿ ಬಣ್ಣದ ನೂಲನ್ನು ಹಾಕಿ ನೇಯ್ದ ಚೌಕಳಿ ಅದು. ಒಂದೊಂದು ಚೌಕಳಿಯೂ ಒಂದೊಂದು ಕುಲಕ್ಕೆ ಸೇರಿದ್ದು, ಆಯಾ ಕುಲದವರಲ್ಲದೆ ಬೇರೆಯವರು ಅದನ್ನು ಉಡಬಾರದು ಎಂಬುದು ಅಲ್ಲಿಯ ಮಡಿವಂತರ ಶಾಸನ. ಅಂಚು ಮೊಣಕಾಲಿನ ನಡುವಿಗೆ ಬರಬೇಕು, ಅದಕ್ಕಿಂತ ಕೆಳಗಿಳಿದರೆ ಅಪಚಾರ. ಬಟ್ಟೆ ಎಂಟು ಗಜವಿರಬೇಕು. ಕಾಲುಚೀಲದಲ್ಲಿ ಸಿಕ್ಕಿಸುವ ಚೂರಿ ಇಂಥ ಕಾಲಿಗೇ ಇರಬೇಕು. ನಮ್ಮ ಧರ್ಮಶಾಸ್ತ್ರಕಾರರು ಕೂಡ ತಲೆದೂಗುವಂತಹ ವಿಧಿನಿಷೇಧಗಳು ಇವು.

ಕನ್ನಡ ಪಾಠ ಹೇಳುವವನಿಗೆ ಇದರ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗ್ಲಾಸ್ಗೋದಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿಯ ಗೆಳೆಯನ ಮದುವೆಗೆ ವರನೇ ಬಯಸಿದನೆಂದು ಇವನೂ ಬಾಡಿಗೆಯ ಕಿಲ್ಟ್ ಉಟ್ಟು ಹೋಗಿದ್ದನಂತೆ. ಊಟದ ಹೊತ್ತಿಗೆ ಹಿರಿಯ ಮಹಾಶಯರೊಬ್ಬರು ಹತ್ತಿರ ಬಂದು, ಬಹಳ ನಯವಾಗಿ, “ತಮ್ಮದು ಯಾವ ಕುಲವೋ?” ಎಂದು ವಿಚಾರಿಸಿದರಂತೆ. ಸುತ್ತಲಿದ್ದವರು ನಕ್ಕರು. “ಸಾರ್, ಬಾಡಿಗೆ ಬಟ್ಟೆಗೂ ವಂಶಾವಳಿ ಬೇಕೇ?” ಎಂದು ಹುಡುಗ ನನಗೆ ಬರೆದ. ಹಳೆಯ ಕಾವ್ಯಗಳ ಪಾಠಾಂತರಗಳನ್ನು ಹಿಡಿದು, ಯಾವುದು ಮೂಲ ಯಾವುದು ಪ್ರಕ್ಷಿಪ್ತ ಎಂದು ಜಗಳವಾಡುವುದು ನನ್ನ ಕಸುಬು. ಆದ್ದರಿಂದ ಆ ಮಹಾಶಯರ ವಂಶಾವಳಿಯನ್ನು ಬಿಟ್ಟು ಅವರು ಕಾಯುತ್ತಿರುವ ಬಟ್ಟೆಯ ವಂಶಾವಳಿಯನ್ನೇ ಪರೀಕ್ಷಿಸೋಣವೆಂದು ಹೊರಟೆ.

ಮೊದಲು ಹಳೆಯ ಸಾಕ್ಷ್ಯ. ಮಾರ್ಟಿನ್ ಮಾರ್ಟಿನ್ ಎಂಬಾತ ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳನ್ನು ಕುರಿತು 1703ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಆತ ಅದೇ ಸೀಮೆಯವನು. ಚೌಕಳಿಯನ್ನು ನೋಡಿ ಮನುಷ್ಯನ ಊರನ್ನು ಹೇಳಬಹುದೆಂದು ಅವನು ಬರೆದನೇ ಹೊರತು ಕುಲವನ್ನು ಹೇಳಬಹುದೆಂದು ಬರೆಯಲಿಲ್ಲ. ಇದು ಸಹಜವೇ. ಊರಿನ ನೇಕಾರನ ಕೈಗೆ ಯಾವ ಗಿಡದ ಬಣ್ಣ ಸಿಕ್ಕಿತೋ, ಅವನಿಗೆ ಯಾವ ಮಾದರಿ ರೂಢಿಯಾಗಿತ್ತೋ ಅದು ಆ ಊರಿನ ಬಟ್ಟೆ. 1746ರ ಏಪ್ರಿಲ್ 16ರಂದು ಕಲ್ಲೋಡನ್ ಬಯಲಿನಲ್ಲಿ ಸ್ಟುವರ್ಟ್ ರಾಜಕುಮಾರನ ಪರವಾಗಿ ಹೋರಾಡಿ ಸೋತ ಹೈಲ್ಯಾಂಡಿನ ಗುಡ್ಡಗಾಡಿನ ಜನ ತಮ್ಮ ಪಕ್ಷದವರನ್ನು ಗುರುತಿಸಿದ್ದು ಟೋಪಿಯ ಬಿಳಿಯ ಕುಚ್ಚಿನಿಂದ. ಆ ದಂಗೆಯ ಒಂದು ಪ್ರಸಂಗವನ್ನು ಡೇವಿಡ್ ಮೋರಿಯೆ ಎಂಬ ಚಿತ್ರಕಾರ ಬರೆದಿದ್ದಾನೆ. ಅದರಲ್ಲಿ ಒಬ್ಬನೇ ಮನುಷ್ಯನ ಅಂಗಿಗೆ ಒಂದು ಚೌಕಳಿ, ಕಾಲುಚೀಲಕ್ಕೆ ಇನ್ನೊಂದು! ಇಂದಿನ ಕಾವಲುಗಾರರ ಶಾಸ್ತ್ರದ ಪ್ರಕಾರ ಆ ವೀರರೆಲ್ಲರೂ ಕುಲಗೆಟ್ಟವರೇ.

ಆ ಸೋಲಿನ ಬಳಿಕ ಬಂದದ್ದು ಕಾನೂನು. ಗಂಡಸರಾಗಲಿ ಹುಡುಗರಾಗಲಿ ಹೈಲ್ಯಾಂಡ್ ಉಡುಪನ್ನು ಧರಿಸಿದರೆ ಆರು ತಿಂಗಳ ಸೆರೆ. ಎರಡನೆಯ ಸಲ ಸಿಕ್ಕಿಬಿದ್ದರೆ ಏಳು ವರ್ಷ ಕಡಲಾಚೆಗೆ ಗಡೀಪಾರು. 1746ರಲ್ಲಿ ಮಾಡಿದ ಈ ಕಾನೂನು ರದ್ದಾದದ್ದು 1782ರಲ್ಲಿ. ವಿನಾಯಿತಿ ಪಡೆದವರು ದೊರೆಯ ಸೈನಿಕರು ಮಾತ್ರ. ದೊರೆಗಾಗಿ ಸಾಯಲು ಒಪ್ಪಿದವನಿಗೆ ಅಜ್ಜನ ಬಟ್ಟೆ ಉಡಲು ಅಪ್ಪಣೆ!

ಆ ಸೈನ್ಯದ ನೆನಪು ನಮ್ಮ ನೆಲದಲ್ಲಿಯೂ ಉಂಟು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹತ್ತಿದವರಲ್ಲಿ ಹೈಲ್ಯಾಂಡ್ ಪಡೆಗಳೆಂದು ಹೆಸರಾಗಿದ್ದ 73 ಮತ್ತು 74ನೆಯ ರೆಜಿಮೆಂಟುಗಳೂ ಇದ್ದವು. ಮುಂದೆ ಹತ್ತು ವರ್ಷಕ್ಕೆ, 1809ರಲ್ಲಿ, ಇವೆರಡರಿಂದಲೂ ಇನ್ನು ನಾಲ್ಕು ಪಡೆಗಳಿಂದಲೂ ಸರಕಾರ ಕಿಲ್ಟನ್ನು ಕಿತ್ತುಕೊಂಡಿತು. ಕಾರಣ? ಈ ಉಡುಪಿಗೆ ಹೇಸಿ ಇಂಗ್ಲೆಂಡಿನ ಹುಡುಗರು ಪಡೆಗೆ ಸೇರಲು ಹಿಂಜರಿಯುತ್ತಾರೆ ಎಂಬುದು. ಆಳು ಬೇಕಾದಾಗ ಬಟ್ಟೆ ಪವಿತ್ರ. ಬೇರೆ ಆಳು ಬೇಕಾದಾಗ ಅದೇ ಬಟ್ಟೆ ಅಸಹ್ಯ.

ಹಾಗಾದರೆ ಕುಲಕ್ಕೊಂದು ಚೌಕಳಿ ಎಂಬ ಶಾಸ್ತ್ರ ಹುಟ್ಟಿದ್ದು ಯಾವಾಗ? ಬ್ಯಾನಕ್‌ಬರ್ನ್ ಎಂಬ ಊರಿನಲ್ಲಿ ವಿಲ್ಸನ್ ಮನೆತನದವರ ದೊಡ್ಡ ನೇಯ್ಗೆಯ ಕಾರಖಾನೆಯಿತ್ತು. ಅವರು ತಮ್ಮ ಮಾದರಿಗಳನ್ನು ಮೊದಲು ನಂಬರು ಹಾಕಿ ಮಾರುತ್ತಿದ್ದರು. ನಂಬರಿಗಿಂತ ಹೆಸರಿಗೆ ಗಿರಾಕಿ ಹೆಚ್ಚು ಎಂಬುದು ವ್ಯಾಪಾರಿಗೆ ತಿಳಿಯದೆ? 1815ರಲ್ಲಿ ಲಂಡನ್ನಿನ ಹೈಲ್ಯಾಂಡ್ ಸೊಸೈಟಿಯ ದೊಡ್ಡ ಮನುಷ್ಯರು, ಪ್ರತಿಯೊಬ್ಬ ಕುಲನಾಯಕನೂ ತನ್ನ ಕುಲದ ನಿಜವಾದ ಟಾರ್ಟನ್ನಿನ ತುಂಡನ್ನು ಕಳುಹಿಸಿಕೊಡಬೇಕೆಂದು ಕೇಳಿದರು. ತನ್ನದು ಯಾವುದೆಂದು ನಾಯಕನಿಗೇ ಗೊತ್ತಿಲ್ಲದ ಕಡೆ ವ್ಯಾಪಾರಿ ನೆರವಿಗೆ ಬಂದ. ಮ್ಯಾಕ್‌ಫರ್ಸನ್ ಕುಲದ ಚೌಕಳಿಯ ಕಥೆಯನ್ನು ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್ ಹೇಳಿದ್ದಾರೆ. ಆ ಮಾದರಿ ಮೊದಲು ಬರೀ 155ನೆಯ ನಂಬರು. ಬಳಿಕ ಕಿಡ್ ಎಂಬೊಬ್ಬ ವೆಸ್ಟ್ ಇಂಡೀಸಿನ ತನ್ನ ಗುಲಾಮರಿಗೆ ಉಡಿಸಲು ಅದನ್ನು ಸಗಟಾಗಿ ಕೊಂಡುಕೊಂಡಾಗ ಅದಕ್ಕೆ “ಕಿಡ್” ಎಂದು ಹೆಸರಾಯಿತು. ಆಮೇಲೆ ಅದೇ ಬಟ್ಟೆಗೆ ಮ್ಯಾಕ್‌ಫರ್ಸನ್ ಎಂದು ಚೀಟಿ ಅಂಟಿತು. ಗುಲಾಮರ ಮೈಮೇಲಿದ್ದ ಬಟ್ಟೆ ಹೆಸರು ಬದಲಾಯಿಸಿಕೊಂಡು ಕುಲೀನರ ಸೊಂಟಕ್ಕೆ ಏರಿತು. ಇಂತಹ ಬಟ್ಟೆಯನ್ನು ಹಿಡಿದು ಕಪ್ಪು ಮೈಯ ಹುಡುಗನನ್ನು “ನಿನ್ನ ಕುಲ ಯಾವುದು?” ಎಂದು ಕೇಳುವುದಕ್ಕೆ ನಾಲಗೆ ಹೇಗೆ ಏಳುತ್ತದೆ?

1822ರ ಆಗಸ್ಟಿನಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದ. ಉತ್ಸವದ ಸೂತ್ರಧಾರ ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟ್. ಕಾದಂಬರಿ ಬರೆದ ಕೈಯೇ ಒಂದು ದೇಶಕ್ಕೆ ವೇಷವನ್ನೂ ಬರೆಯಿತು. ದೊರೆಯ ಹೈಲ್ಯಾಂಡ್ ಉಡುಪಿಗಾದ ಬಿಲ್ಲು 1,354 ಪೌಂಡ್ 18 ಷಿಲಿಂಗ್. ಬರಿಗಾಲು ಕಂಡೀತೆಂದು ಒಳಗೆ ಮೈಬಣ್ಣದ ಬಿಗಿ ಷರಾಯಿ! ಲಂಡನ್ನಿನ ಮಾಜಿ ಮೇಯರ್ ಸರ್ ವಿಲಿಯಂ ಕರ್ಟಿಸನೂ ಕಿಲ್ಟ್ ಉಟ್ಟು ಬಂದು ನಗೆಚಿತ್ರಕಾರರಿಗೆ ಹಬ್ಬ ಮಾಡಿಸಿದ. ಅಂದಿನಿಂದ ಟಾರ್ಟನ್ ಸಮಸ್ತ ಸ್ಕಾಟ್ಲೆಂಡಿನ ರಾಷ್ಟ್ರೀಯ ಉಡುಪು.

ಆ ಉತ್ಸವದಲ್ಲಿಯೇ ನಮ್ಮ ಕಾವಲುಗಾರರ ಆದಿಪುರುಷನೂ ಕಾಣಿಸಿಕೊಳ್ಳುತ್ತಾನೆ. ಗ್ಲೆಂಗ್ಯಾರಿಯ ನಾಯಕ ಅಲಸ್ಟೇರ್ ಮ್ಯಾಕ್ಡೊನೆಲ್ 1815ರಲ್ಲಿಯೇ “ನಿಜವಾದ ಹೈಲ್ಯಾಂಡರ ಸಂಘ”ವನ್ನು ಸ್ಥಾಪಿಸಿದ್ದ. ಸ್ಕಾಟನ ಗೆಳೆಯರು ಪಟ್ಟಣದ ವಕೀಲರು, ಅವರಿಗೆ ಈ ಉಡುಪನ್ನು ಉಡುವ ಹಕ್ಕಿಲ್ಲ ಎಂದು ಅವನು ಪತ್ರಿಕೆಗೆ ಬರೆದು ರೇಗಾಡಿದ. ಸರಿ, ನಿಜವಾದ ಹೈಲ್ಯಾಂಡರಿಗೆ ಅವನು ಮಾಡಿದ್ದೇನು? ಕುರಿ ಮೇಯಿಸಿದರೆ ಆದಾಯ ಹೆಚ್ಚೆಂದು ಆ ಎಸ್ಟೇಟಿನ ಒಕ್ಕಲುಗಳನ್ನು ಎಬ್ಬಿಸುವ ಕೆಲಸ ಅವನ ತಾಯಿಯ ಕಾಲದಲ್ಲಿ ಆರಂಭವಾಗಿ ಅವನ ಕಾಲದಲ್ಲಿಯೂ ನಡೆಯಿತು. ಕೆನಡಾದ ಆಂಟೇರಿಯೊ ಪ್ರಾಂತದಲ್ಲಿ ಗ್ಲೆಂಗ್ಯಾರಿ ಎಂಬ ಸೀಮೆ ಇಂದಿಗೂ ಇದೆ. ಊರು ಬಿಟ್ಟು ಹೋದ ಆ ಜನ ಇಟ್ಟುಕೊಂಡ ಹೆಸರು ಅದು. ಉತ್ತರದ ಸದರ್ಲೆಂಡಿನ ಸ್ಟ್ರ್ಯಾತ್‌ನೇವರ್ ಕಣಿವೆಯಲ್ಲಿ 1814ರಲ್ಲಿ ಒಕ್ಕಲುಗಳನ್ನು ಹೊರಹಾಕಿ ಮನೆಗಳಿಗೆ ಬೆಂಕಿಯಿಟ್ಟರು. ಎಡಿನ್‌ಬರೋದಲ್ಲಿ ದೀಪಾಲಂಕಾರವಾದದ್ದು ಅದಾಗಿ ಎಂಟೇ ವರ್ಷಕ್ಕೆ. ಉಟ್ಟಿದ್ದ ಜನರನ್ನು ಓಡಿಸಿ ಬಟ್ಟೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜಿಸುವುದಕ್ಕೆ ಸಂಪ್ರದಾಯನಿಷ್ಠೆ ಎಂದು ಹೆಸರಂತೆ!

ಇನ್ನು ಈ ಶಾಸ್ತ್ರಕ್ಕೆ ಗ್ರಂಥಾಧಾರ. 1842ರಲ್ಲಿ “ವೆಸ್ಟಿಯೇರಿಯಂ ಸ್ಕಾಟಿಕಂ” ಎಂಬ ಭಾರಿ ಪುಸ್ತಕವೊಂದು ಹೊರಬಿತ್ತು. ಅದರಲ್ಲಿ 75 ಟಾರ್ಟನ್ನುಗಳು. ಪ್ರಕಟಿಸಿದವರು ತಾವು ಸ್ಟುವರ್ಟ್ ರಾಜವಂಶದವರೆಂದು ಹೇಳಿಕೊಂಡ ಇಬ್ಬರು ಸಹೋದರರು. ಅವರ ಮನೆತನದ ನಿಜವಾದ ಹೆಸರು ಅಲೆನ್. ಶತಮಾನಗಳ ಹಿಂದಿನ ಹಸ್ತಪ್ರತಿಯೇ ತಮ್ಮ ಆಧಾರವೆಂದರು. ವಿದ್ವಾಂಸರು ಮೂಲಪ್ರತಿ ತೋರಿಸಿ ಎಂದರೆ ಅದು ಮಾತ್ರ ಹೊರಗೆ ಬರಲಿಲ್ಲ. ನಮ್ಮಲ್ಲಿ ತಾಳೆಗರಿ ತೋರಿಸದೆ ಕಾವ್ಯ ಪ್ರಕಟಿಸಿದವನಿಗೆ ಏನು ಗತಿಯಾಗುತ್ತಿತ್ತೋ ಆ ಗತಿ ಅವರಿಗೂ ಆಯಿತು. ಅದು ಕೂಟಸೃಷ್ಟಿಯೆಂದು ಸಿದ್ಧವಾಯಿತು. ಆದರೆ ಅದರೊಳಗಿನ ಎಷ್ಟೋ ಚೌಕಳಿಗಳು ಇಂದಿಗೂ “ಪ್ರಾಚೀನ ಕುಲ ಟಾರ್ಟನ್” ಎಂಬ ಹೆಸರಿನಲ್ಲಿಯೇ ಮಾರಾಟವಾಗುತ್ತಿವೆ. ನನ್ನ ವಿದ್ಯಾರ್ಥಿಯನ್ನು ಪ್ರಶ್ನಿಸಿದ ಮಹಾಶಯರು ಉಟ್ಟಿದ್ದದ್ದೂ ಅವುಗಳಲ್ಲಿ ಒಂದಾಗಿದ್ದರೆ ಆಶ್ಚರ್ಯವೇನೂ ಇಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಬಗೆಯ ಜಂಬದವರು ಕೈತಟ್ಟುತ್ತಾರೆ. “ಎಲ್ಲವೂ ಬೂಟಾಟಿಕೆ, ಕಿಲ್ಟೇ ಒಂದು ಹಾಸ್ಯ” ಎನ್ನುವವರು ಇವರು. ಯೂನಿಯನ್ನಿನ ಹಿಂದಿನ ಕಾಲದ ಹೆಚ್ಚು ಮಂದಿ ಸ್ಕಾಟರಿಗೆ ಇದು ಕಳ್ಳರ ಉಡುಪಾಗಿತ್ತು ಎಂದು ಮೆಕಾಲೆ ಹಂಗಿಸಿದ. ನಮ್ಮ ದೇಶದ ಪುಸ್ತಕಗಳನ್ನೆಲ್ಲ ಒಂದು ಕಪಾಟಿಗೆ ಸಮವಲ್ಲವೆಂದ ಮೆಕಾಲೆಯೇ ಈತ. ಅವನ ತಿರಸ್ಕಾರದ ರುಚಿ ನಮಗೂ ಗೊತ್ತು. ಮೊಣಕಾಲುದ್ದದ ಕಿಲ್ಟನ್ನು ಕಂಡುಹಿಡಿದವನು ಥಾಮಸ್ ರಾಲಿನ್‌ಸನ್ ಎಂಬ ಇಂಗ್ಲಿಷ್ ಕಬ್ಬಿಣದ ಉದ್ಯಮಿ ಎಂಬ ಮಾತನ್ನು ಟ್ರೆವರ್-ರೋಪರ್ 1983ರಲ್ಲಿ ಮತ್ತೆ ಎತ್ತಿ ಹಿಡಿದರು. ಅದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ನಿಜವೇ ಆಗಿರಲಿ, ಅದರಿಂದ ಏನಾಯಿತು? ಸಂಪ್ರದಾಯಗಳೆಲ್ಲವೂ ಒಂದಾನೊಂದು ದಿನ ಯಾರೋ ಒಬ್ಬರು ಮಾಡಿದ ಹೊಸ ಕೆಲಸಗಳೇ. ಇನ್ನೂರು ವರ್ಷ ಮದುವೆಯಲ್ಲಿಯೂ ಮಸಣದಲ್ಲಿಯೂ ಜನ ಉಟ್ಟ ಬಟ್ಟೆ ಸುಳ್ಳಲ್ಲ. ಸುಳ್ಳಾದದ್ದು ಅದರ ಮೇಲೆ ಕೆಲವರು ಹಾಕಿಕೊಂಡ ಒಡೆತನ.

ಮೂರನೆಯ ಜಂಬ ದುಡ್ಡಿನದು. ಕೈಹೊಲಿಗೆಯ, ತೂಕದ ಉಣ್ಣೆಯ ಕಿಲ್ಟ್ ಉಟ್ಟವರು, ಪಾಕಿಸ್ತಾನದ ಸಿಯಾಲ್ಕೋಟಿನಿಂದ ಬಂದ ಅಗ್ಗದ ಕಿಲ್ಟ್ ಉಟ್ಟವನನ್ನು ಕಂಡು ಮೂಗು ಮುರಿಯುತ್ತಾರೆ. ಸ್ಕಾಟಿಷ್ ನೇಕಾರನ ದುಡಿಮೆಗೆ ತಕ್ಕ ಬೆಲೆ ಸಿಗಬೇಕು. ಬೇರೆಡೆ ಮಾಡಿದ ಮಾಲಿಗೆ ಸ್ಕಾಟ್ಲೆಂಡಿನ ಮುದ್ರೆಯೊತ್ತಿ ಮಾರುವುದು ಮೋಸ. ಇದರಲ್ಲಿ ಎರಡು ಮಾತಿಲ್ಲ. ಆದರೆ ಕೈಯಲ್ಲಿದ್ದಷ್ಟು ಹಣಕ್ಕೆ ಬಟ್ಟೆ ಕೊಂಡವನು ಮೋಸಗಾರನಲ್ಲ. ಸಿಯಾಲ್ಕೋಟಿನ ದರ್ಜಿಗೆ ಈ ಕಸುಬಿನ ಪರಿಚಯ ಮಾಡಿಸಿದ್ದೂ ಕಿಲ್ಟ್ ಉಟ್ಟು ಬ್ಯಾಗ್‌ಪೈಪ್ ಊದುತ್ತ ಬಂದ ಬ್ರಿಟಿಷ್ ದಂಡೇ ಅಲ್ಲವೆ?

ಒಂದು ಆಕ್ಷೇಪಣೆಗೆ ಮಾತ್ರ ನಾನು ಮರ್ಯಾದೆಯಿಂದ ಉತ್ತರ ಕೊಡಬೇಕು. “ಒಂದು ಜನಾಂಗಕ್ಕೆ ತನ್ನ ಉಡುಪಿನ ಮೇಲೆ ಹಕ್ಕಿಲ್ಲವೆ? ಕಂಡಕಂಡವರೆಲ್ಲ ಅದನ್ನು ವೇಷ ಮಾಡಿಕೊಳ್ಳಬಹುದೆ?” ಎಂಬುದು ಆ ಪ್ರಶ್ನೆ. ಹಕ್ಕು ಖಂಡಿತ ಉಂಟು. ಅದು ಸೆರೆಮನೆಗೆ ಹೋದವರದು, ಮನೆ ಸುಟ್ಟುಹೋದವರದು. ಅವರ ನುಡಿ ಗೇಲಿಕ್. 1872ರ ಶಿಕ್ಷಣ ಕಾನೂನಿನಲ್ಲಿ ಆ ನುಡಿಗೆ ಸ್ಥಾನವೇ ಇರಲಿಲ್ಲ. ಶಾಲೆಯಲ್ಲಿ ತಾಯಿನುಡಿ ಆಡಿದ ಮಕ್ಕಳು ಏಟು ತಿಂದರು. 2022ರ ಜನಗಣತಿಯ ಪ್ರಕಾರ ಸ್ಕಾಟ್ಲೆಂಡಿನಲ್ಲಿ ಗೇಲಿಕ್ಕನ್ನು ಅಲ್ಪಸ್ವಲ್ಪವಾದರೂ ಬಲ್ಲವರು ನೂರಕ್ಕೆ ಸುಮಾರು ಎರಡೂವರೆ ಮಂದಿ. ಪೂರ್ವಿಕರ ಚೌಕಳಿಯ ಒಂದು ಎಳೆ ಹೆಚ್ಚುಕಡಿಮೆಯಾದರೆ ಸಿಡಿಮಿಡಿಗೊಳ್ಳುವ ಮಹಾಶಯರಲ್ಲಿ ಆ ಪೂರ್ವಿಕರ ನುಡಿಯಲ್ಲಿ ಒಂದು ವಾಕ್ಯ ಆಡಬಲ್ಲವರು ಎಷ್ಟು ಮಂದಿ? ಭಾಷೆ ಕಲಿಯಲು ಶ್ರಮ ಬೇಕು. ಬಟ್ಟೆ ಕಾಯಲು ಹುಬ್ಬು ಗಂಟಿಕ್ಕಿದರೆ ಸಾಕು. ಭಾಷೆಯ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಈ ಸುಲಭದ ಅಭಿಮಾನ ಅಪರಿಚಿತವೇನೂ ಅಲ್ಲ.

ಸ್ಕಾಟ್ಲೆಂಡಿನ ಸರಕಾರ ಈ ಮಡಿವಂತರಿಗಿಂತ ಉದಾರ. ಯಾರು ಯಾವ ಟಾರ್ಟನ್ ಉಟ್ಟರೂ ಅಲ್ಲಿ ಅಪರಾಧವಲ್ಲ. ಅಲ್ಲಿಯ ಪಾರ್ಲಿಮೆಂಟು 2008ರಲ್ಲಿ ಮಾಡಿದ ಕಾನೂನಿನಂತೆ ಟಾರ್ಟನ್ನುಗಳ ಅಧಿಕೃತ ದಫ್ತರ 2009ರಲ್ಲಿ ತೆರೆಯಿತು. ಹೊಸ ಚೌಕಳಿಯನ್ನು ರೂಪಿಸಿದವರು ಯಾರೇ ಆಗಲಿ, ಶುಲ್ಕ ಕಟ್ಟಿ ಅದನ್ನು ದಾಖಲು ಮಾಡಿಸಬಹುದು. ಅಲ್ಲಿ ನೆಲೆಸಿದ ಸಿಖ್ಖರ ಸಿಂಗ್ ಟಾರ್ಟನ್ ಇದೆ, ಯಹೂದ್ಯರದು ಇದೆ, ಮುಸಲ್ಮಾನರದು ಇದೆ. ಕುಲವಲ್ಲ, ಇರುವ ಊರು ಬಟ್ಟೆಯಲ್ಲಿ ಕಾಣಬೇಕೆಂಬ ಮಾರ್ಟಿನ್ ಮಾರ್ಟಿನ್ನನ ಕಾಲದ ನ್ಯಾಯಕ್ಕೆ ಇವರೇ ಹತ್ತಿರದವರು. ಗ್ಲಾಸ್ಗೋದಲ್ಲಿ ದುಡಿದು, ಅಲ್ಲಿ ತೆರಿಗೆ ಕಟ್ಟಿ, ಅಲ್ಲಿಯ ಮಳೆಯಲ್ಲಿ ನೆನೆಯುವವನು ಆ ಊರಿನವನೇ.

1746ರ ಕಾನೂನನ್ನು ತೆಗೆದುಹಾಕಲು ಮೂವತ್ತಾರು ವರ್ಷವೂ ಒಂದು ಪಾರ್ಲಿಮೆಂಟೂ ಬೇಕಾಯಿತು. ಈ ಮಹಾಶಯರ ಅಲಿಖಿತ ಕಾನೂನಿಗೆ ಅಷ್ಟು ಖರ್ಚಿಲ್ಲ. ಕುಲ ಯಾವುದೆಂದು ಕೇಳಿದವರಿಗೆ ಒಂದು ನಮಸ್ಕಾರ ಹೇಳಿ, ನೆರಿಗೆ ಸರಿಮಾಡಿಕೊಂಡು, ಊಟದ ಪಂಕ್ತಿಗೆ ನಡೆದುಬಿಟ್ಟರೆ ಸಾಕು.