ಸಂಕಲನವೆಂದರೆ ಸಂತೆಯಲ್ಲ

ಈಚೆಗೆ ಸಂಗೀತಾಸಕ್ತರಾದ ಮಿತ್ರರೊಬ್ಬರು ನಮ್ಮ ಮನೆಗೆ ಬಂದಿದ್ದಾಗ ಮೇಜಿನ ಮೇಲಿದ್ದ ಒಂದು ಪಟ್ಟಿಯನ್ನು ಎತ್ತಿ ನೋಡಿ ನಕ್ಕರು. ಅದು ಪೋರ್ಟೊ ರಿಕೊ ದ್ವೀಪದ ರೆಗ್ಗೆಟೋನ್ ಸಂಗೀತದ ಹಳೆಯ ಕ್ಯಾಸೆಟ್ಟುಗಳ ಪಟ್ಟಿ. ‘ಪ್ಲಾಯೆರೊ 34’, ‘ಪ್ಲಾಯೆರೊ 37’, ‘ಪ್ಲಾಯೆರೊ 38’, ‘ದಿ ನಾಯ್ಸ್ 5’—ಹೀಗೆ ಅಲ್ಲಿ ಹೆಸರಿಗಿಂತ ಅಂಕಿಯೇ ದೊಡ್ಡದು. “ಇವೇನು ಹಾಡುಗಳೋ, ಮನೆಯ ನಂಬರುಗಳೋ?” ಎಂದು ಕೇಳಿದರು. ನಾನು ವಿವರಿಸಿದೆ. ಅವರು ಕೇಳಿಕೊಂಡು, “ಹಾಗಾದರೆ ಕೃತಿಯೆಂಬುದು ಇಲ್ಲವೇ ಇಲ್ಲ ಎನ್ನಿ. ಒಬ್ಬ ಗಾಯಕ ತನ್ನ ಹೆಸರಿನಲ್ಲಿ ಒಂದು ಆಲ್ಬಮ್ ತಂದರೆ ಅದು ಕೃತಿ, ಹತ್ತು ಜನ ಸೇರಿ ಕೂಗಿದರೆ ಅದು ಸಂತೆ” ಎಂದು ತೀರ್ಪುಕೊಟ್ಟು ಕಾಫಿ ಕುಡಿದು ಹೊರಟುಹೋದರು.

ಅವರು ಹೋದಮೇಲೂ ಆ ಮಾತು ಹೋಗಲಿಲ್ಲ. ಏಕೆಂದರೆ ಇದು ನನ್ನ ಮಿತ್ರರೊಬ್ಬರ ಮಾತಲ್ಲ. ರೆಗ್ಗೆಟೋನಿನ ಕಥೆಯನ್ನು ಹೇಳುವ ಬಹುಮಂದಿ ಅದನ್ನು 2004ರಿಂದ ಪ್ರಾರಂಭಿಸುತ್ತಾರೆ. ಆ ವರ್ಷ ಡ್ಯಾಡಿ ಯಾಂಕಿಯ ‘ಬಾರ್ರಿಯೊ ಫಿನೊ’ ಬಂದಿತು, ಅದರಲ್ಲಿ ‘ಗಾಸೊಲಿನಾ’ ಇತ್ತು, ಜಗತ್ತು ಕುಣಿಯಿತು. ಅಲ್ಲಿಂದ 2017ರ ‘ದೆಸ್ಪಾಸಿತೊ’ಗೆ ಒಂದೇ ನೆಗೆತ, ಅಮೆರಿಕದ ಪಟ್ಟಿಯಲ್ಲಿ ಅದು 16 ವಾರ ಮೊದಲ ಸ್ಥಾನದಲ್ಲಿತ್ತು ಎಂಬ ಲೆಕ್ಕ. ಅದಕ್ಕೆ ಹಿಂದಿನದೆಲ್ಲ ಏನೋ ಕತ್ತಲ ಕಾಲ, ಹುಡುಗಾಟದ ಕಾಲ, ಕ್ಯಾಸೆಟ್ಟಿನ ಕಾಲ! ಮರಕ್ಕೆ ಹಣ್ಣಿನಿಂದಲೇ ಜನ್ಮದಿನ ಎಣಿಸುವ ಈ ಚರಿತ್ರೆ ನನಗೆ ಒಪ್ಪಿಗೆಯಿಲ್ಲ. ಒಪ್ಪಿಗೆಯಿಲ್ಲದಿರುವುದಕ್ಕೆ ಕಾರಣ ಬರಿಯ ಪಾಂಡಿತ್ಯದ ಹಟವಲ್ಲ. ಆ ಚರಿತ್ರೆಯಿಂದ ಕೆಲವು ಮನುಷ್ಯರಿಗೆ ಅನ್ಯಾಯವಾಗುತ್ತದೆ. ಅವರಲ್ಲಿ ಒಬ್ಬಳು ಹೆಂಗಸು. ಅವಳ ಕಥೆಯನ್ನೇ ಸಾಕ್ಷಿಯಾಗಿ ನಿಲ್ಲಿಸುತ್ತೇನೆ.

ಮಾರ್ತಾ ಇವೆಲಿಸ್ಸೆ ಪೆಸಾಂತೆ 1972ರಲ್ಲಿ ಪೋರ್ಟೊ ರಿಕೊದ ಪಶ್ಚಿಮಕ್ಕಿರುವ ಅನ್ಯಾಸ್ಕೊ ಎಂಬ ಊರಿನಲ್ಲಿ ಹುಟ್ಟಿದಳು. ಬಾಲ್ಯದ ಒಂದು ಭಾಗ ನ್ಯೂಯಾರ್ಕಿನಲ್ಲಿ ಕಳೆಯಿತು. ಶಾಲೆ ಪೂರ್ತಿಯಾಗಲಿಲ್ಲ. ಹದಿನೆಂಟರ ಪ್ರಾಯದಲ್ಲಿ ಪದ್ಯಗಳನ್ನು ಬರೆದುಕೊಂಡು ರಾಜಧಾನಿಯಾದ ಸಾನ್ ಹುವಾನಿಗೆ ಬಂದಳು. ಅಲ್ಲಿ ಡಿ.ಜೆ. ನೆಗ್ರೊ ಎಂಬಾತ ‘ದಿ ನಾಯ್ಸ್’ ಎಂಬ ನೃತ್ಯಶಾಲೆಯನ್ನು ನಡೆಸುತ್ತಿದ್ದ. ಅಲ್ಲಿ ಹಾಡುವ ಹುಡುಗರ ದನಿಗಳನ್ನು ಸೇರಿಸಿ ಅದೇ ಹೆಸರಿನಲ್ಲಿ ಸಂಕಲನಗಳನ್ನು ಹೊರತರುತ್ತಿದ್ದ. ಹುಡುಗರ ಆ ಗುಂಪಿನಲ್ಲಿ 1995ರಲ್ಲಿ ಈಕೆಯೊಬ್ಬಳೇ ಹೆಣ್ಣಾಗಿ ನಿಂತಳು. ಐದನೆಯ ಸಂಕಲನದಲ್ಲಿ ಅವಳ ಮೊದಲ ಹಾಡು. ಅದರ ಹೆಸರಿನ ಅರ್ಥ: ನಾವು ರ‍್ಯಾಪ್ ಹಾಡುವವರು, ಅಪರಾಧಿಗಳಲ್ಲ. ಐವಿ ಕ್ವೀನ್ ಎಂದು ಲೋಕ ಮುಂದೆ ಕರೆದದ್ದು ಇವಳನ್ನೇ.

ಮೊದಲ ಹಾಡಿಗೆ ಇಂಥ ಹೆಸರೇಕೆ ಎಂಬುದನ್ನು ಕೇಳದೆ ಮುಂದೆ ಹೋಗಲಾಗದು. 1993ರಲ್ಲಿ ಅಧಿಕಾರಕ್ಕೆ ಬಂದ ಗವರ್ನರ್ ಪೆದ್ರೊ ರೊಸ್ಸೆಯೊ ‘ಅಪರಾಧದ ಮೇಲೆ ಉಕ್ಕಿನ ಹಸ್ತ’ ಎಂಬ ಕಾರ್ಯಕ್ರಮವನ್ನು ಹೂಡಿ, ಬಡವರ ಸರ್ಕಾರಿ ವಸತಿಗಳೊಳಕ್ಕೆ ಪೊಲೀಸರೊಡನೆ ನ್ಯಾಷನಲ್ ಗಾರ್ಡ್ ಸೈನಿಕರನ್ನೂ ಕಳುಹಿಸಿದ. ಈ ಸಂಗೀತದ ಬಹುಪಾಲು ಆ ವಸತಿಗಳಲ್ಲೇ ಬೆಳೆಯುತ್ತಿತ್ತು. ಆಗ ಅದಕ್ಕೆ ರೆಗ್ಗೆಟೋನ್ ಎಂಬ ಹೆಸರೂ ಗಟ್ಟಿಯಾಗಿರಲಿಲ್ಲ; ‘ಅಂಡರ್‌ಗ್ರೌಂಡ್’ ಎನ್ನುತ್ತಿದ್ದರು. 1995ರ ಫೆಬ್ರುವರಿಯಲ್ಲಿ ಪೊಲೀಸರು ಸಾನ್ ಹುವಾನಿನ ಸುತ್ತಲ ಧ್ವನಿಮುದ್ರಿಕೆ ಅಂಗಡಿಗಳಿಗೆ ನುಗ್ಗಿ ನೂರಾರು ಕ್ಯಾಸೆಟ್ಟುಗಳನ್ನೂ ಸಿ.ಡಿ.ಗಳನ್ನೂ ಅಶ್ಲೀಲವೆಂದು ವಶಪಡಿಸಿಕೊಂಡರು. ಈ ಸಂಗೀತ ಅಂದು ಹೆಚ್ಚಾಗಿ ಓಡಾಡುತ್ತಿದ್ದದ್ದು ಸಂಕಲನಗಳ ರೂಪದಲ್ಲಿ ಎಂಬುದನ್ನು ಮರೆಯಬಾರದು. ವಿಮರ್ಶಕರು ಕೃತಿಯೆಂದು ಒಪ್ಪದಿದ್ದುದನ್ನು ಪೊಲೀಸರು ಒಪ್ಪಿಕೊಂಡರು! ಗಂಡಾಂತರವಿಲ್ಲದ ವಸ್ತುವನ್ನು ಯಾವ ಸರ್ಕಾರವೂ ಜಪ್ತಿ ಮಾಡುವುದಿಲ್ಲ.

ಇಲ್ಲಿ ಎದುರಾಳಿಗಳ ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ. ಆ ಹಾಡುಗಳಲ್ಲಿ ಹೊಲಸು ಇತ್ತು. ಹೆಂಗಸನ್ನು ಹೀನಾಯವಾಗಿ ಕಾಣುವ ಮಾತುಗಳಿದ್ದವು. ಬಂದೂಕಿನ ಬಡಾಯಿ ಇತ್ತು. ಇದನ್ನು ಅಲ್ಲಗಳೆಯುವವರು ಆ ಕ್ಯಾಸೆಟ್ಟುಗಳನ್ನು ಕೇಳಿಲ್ಲ. ಆದರೆ ನನ್ನ ಪ್ರಶ್ನೆ ಬೇರೆ: ಆ ಹೊಲಸಿಗೆ ಉತ್ತರ ಕೊಟ್ಟವರು ಯಾರು? ಅಂಗಡಿಯ ಬಾಗಿಲು ಮುರಿದವರೇ? 2002ರಲ್ಲಿ ಸೆನೆಟ್ ಸದಸ್ಯೆ ವೆಲ್ದಾ ಗೊನ್ಸಾಲೆಸ್ ಮುಂದಾಳಾಗಿ ಈ ಸಂಗೀತದ ನೃತ್ಯವನ್ನೂ ಅದರ ಚಿತ್ರಗಳನ್ನೂ ಕುರಿತು ವಿಚಾರಣೆ ನಡೆಸಿದರು. ಆ ವಿಚಾರಣೆಯಿಂದಲೇ ಉತ್ತರ ಬಂದಿತೆ? ಇಲ್ಲ. ಉತ್ತರ ಅದೇ ಸಂಕಲನಗಳೊಳಗಿನಿಂದ, ಅದೇ ತಾಳದ ಮೇಲೆ, ಒಬ್ಬ ಹೆಂಗಸಿನ ಕಂಠದಿಂದ ಬಂದಿತು. ಐವಿ ಕ್ವೀನಳ ‘ಕಿಯೆರೊ ಬೈಲಾರ್’ ಎಂಬ ಹಾಡಿನ ಸಾರ ಇಷ್ಟೇ: ನನಗೆ ಕುಣಿಯುವ ಮನಸ್ಸಿದೆ, ಕುಣಿಯುತ್ತೇನೆ, ಕುಣಿದೆನೆಂಬ ಕಾರಣಕ್ಕೆ ನಿನ್ನ ಹಾಸಿಗೆಗೆ ಬರುವೆನೆಂದು ತಿಳಿಯಬೇಡ. ನೀತಿಯ ಮಾತನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಸಮಿತಿ ಹೇಳೀತು? ಸಮಿತಿಗೆ ಕುಣಿತವೇ ಪಾಪ; ಇವಳಿಗೆ ಬಲಾತ್ಕಾರ ಪಾಪ. ಎರಡಕ್ಕೂ ಇರುವ ಅಂತರವನ್ನು ಓದುಗರೇ ಅಳೆಯಲಿ.

ಇನ್ನು ಅವಳ ಜೀವನದ ನಡೆಯನ್ನು ನೋಡಿ. ಗುಂಪಿನ ಹಾಡುಗಳಲ್ಲಿ ಹಿಂಸೆಯೂ ಕಾಮವೂ ಅತಿಯಾದುವೆಂದು ಬೇಸತ್ತು, ತನ್ನದೇ ದಾರಿ ಹಿಡಿದಳು. 1997ರಲ್ಲಿ ‘ಎನ್ ಮಿ ಇಂಪೇರಿಯೊ’, ಅಂದರೆ ‘ನನ್ನ ಸಾಮ್ರಾಜ್ಯದಲ್ಲಿ’. 1998ರಲ್ಲಿ ಸೋನಿಯಂಥ ದೊಡ್ಡ ಸಂಸ್ಥೆಯಿಂದ ‘ದಿ ಒರಿಜಿನಲ್ ರೂಡ್ ಗರ್ಲ್’. ನನ್ನ ಮಿತ್ರರ ಲೆಕ್ಕದಲ್ಲಿ ಅವಳು ಸಂತೆಯಿಂದ ಅರಮನೆಗೆ ಬಂದಂತಾಯಿತು. ಅರಮನೆ ಏನು ಮಾಡಿತು? ಆಲ್ಬಮ್ ಮಾರಾಟದಲ್ಲಿ ಸೋತಿತು. ಕಂಪನಿ ಅವಳನ್ನು ಕೈಬಿಟ್ಟಿತು. ಅವಳು ಕೆಲಕಾಲ ಹಿಂದೆ ಸರಿದಳು. ಒಂದು ಸೋಲಿಗೆ ಒಂದು ಜೀವನವೇ ಮುಗಿದುಹೋಗುವುದು ಈ ವ್ಯಾಪಾರದಲ್ಲಿ ಹೊಸದೇನೂ ಅಲ್ಲ. ಮುಗಿಯಲಿಲ್ಲವೇಕೆ? 2001, 2002ರಲ್ಲಿ ಅವಳನ್ನು ಮತ್ತೆ ಕರೆದು ಕೂರಿಸಿದ್ದು ಸಂಕಲನಗಳು. ಒಂದಕ್ಕೆ ಒಂದು ಹಾಡು, ಇನ್ನೊಂದಕ್ಕೆ ಇನ್ನೊಂದು. ‘ಕಿಯೆರೊ ಬೈಲಾರ್’ ಬೆಳಗಿದ್ದೂ ಆ ದಾರಿಯಲ್ಲೇ. ಆಮೇಲೆ 2003ರಲ್ಲಿ ‘ದಿವಾ’ ಎಂಬ ಆಲ್ಬಮ್ ಬಂದು, ಅವಳು ಮತ್ತೆಂದೂ ಯಾರ ಬಾಗಿಲನ್ನೂ ತಟ್ಟಬೇಕಾಗಲಿಲ್ಲ. ಎರಡು ಬಾರಿ ಅವಳು ಹುಟ್ಟಿದಳು. ಎರಡು ಬಾರಿಯೂ ಸೂಲಗಿತ್ತಿ ಸಂಕಲನವೇ. ಇಂಥ ಸೂಲಗಿತ್ತಿಯನ್ನು ಮನೆಯ ಚರಿತ್ರೆಯಿಂದ ಹೊರಗಿಡುವುದು ಯಾವ ನ್ಯಾಯ?

ಸಂಕಲನವು ಆಶ್ರಯಸ್ಥಾನ ಮಾತ್ರವೆಂದೂ ತಿಳಿಯಬಾರದು; ಅದೇ ಒಂದು ಕಲಾಪ್ರಕಾರ. ಡಿ.ಜೆ. ಪ್ಲಾಯೆರೊನ ಕ್ಯಾಸೆಟ್ಟುಗಳು ತಯಾರಾಗುತ್ತಿದ್ದ ಕ್ರಮವನ್ನು ಗಮನಿಸಿ. ಜಮೈಕದ ತಟ್ಟೆಗಳಿಂದ ವಾದ್ಯದ ಭಾಗವನ್ನು ಮಾತ್ರ ತೆಗೆದುಕೊಂಡು ಅದನ್ನು ಸುತ್ತಿಸುತ್ತ ಹೋಗುವುದು. ಒಬ್ಬ ಹಾಡಿ ಮುಗಿಸುವಷ್ಟರಲ್ಲಿ ಇನ್ನೊಬ್ಬ ಎತ್ತಿಕೊಳ್ಳುವುದು. ನಡುವೆ ತಾಳದ ಬಣ್ಣವನ್ನು ಥಟ್ಟನೆ ಬದಲಿಸುವುದು. ಪ್ರತಿಯೊಬ್ಬನೂ ತನ್ನ ಹೆಸರನ್ನೂ ಕೂಡಿಸಿದವನ ಹೆಸರನ್ನೂ ಕೂಗಿ ಹೇಳುವುದು. ಆ ಮೂಲ ತಾಳವನ್ನು ನಮ್ಮ ಬಾಯಲ್ಲಿ ಹೇಳುವುದಾದರೆ ‘ತಕಿಟ ತಕಿಟ ತಕ’. ಕೆಳಗೆ ನಾಲ್ಕು ಸಮಪೆಟ್ಟುಗಳ ದೊಡ್ಡ ಮದ್ದಳೆ. ಇಷ್ಟೇ ಬಂಡವಾಳ. ಈ ಬಂಡವಾಳದಲ್ಲಿ ಹತ್ತು ಕಂಠಗಳ ಜಗಳವನ್ನು ಒಂದು ಸಂಭಾಷಣೆಯಾಗಿ ಕಟ್ಟುವವನು ಬರಿಯ ವ್ಯಾಪಾರಿಯೇ? ಬೇರೆಬೇರೆ ಶರಣರ ವಚನಗಳನ್ನು ಎದುರುಬದುರು ಕೂರಿಸಿ ಮಾತನಾಡಿಸಿದ ಶೂನ್ಯಸಂಪಾದನೆಯನ್ನು ಮಹಾಕೃತಿಯೆಂದು ತಲೆಯಮೇಲಿಟ್ಟುಕೊಂಡವರು ನಾವು. ಅಂಕಿತವೆಂದರೇನೆಂದು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ವಸ್ತು ಬೇರೆ, ಎತ್ತರ ಬೇರೆ, ಬಲ್ಲೆ; ಎರಡನ್ನೂ ತಕ್ಕಡಿಗೆ ಹಾಕುತ್ತಿಲ್ಲ. ಆದರೆ ಕೂಡಿಸುವುದೂ ಒಂದು ಸೃಷ್ಟಿ ಎಂಬುದನ್ನು ಕನ್ನಡಿಗನೊಬ್ಬ ಮರೆತರೆ ಅದು ಸೋಜಿಗ.

ಹಾಗೆಂದು ‘ಗಾಸೊಲಿನಾ’ವನ್ನು ಕಡೆಗಣಿಸಬೇಕೆಂದಲ್ಲ. ಅಮೆರಿಕದ ಕಾಂಗ್ರೆಸ್ ಗ್ರಂಥಾಲಯ 2023ರಲ್ಲಿ ಅದನ್ನು ರಾಷ್ಟ್ರದ ಉಳಿಸಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು; ಅದು ಸಲ್ಲಬೇಕಾದ ಗೌರವವೇ. ಆದರೆ ಆ ಹಾಡೂ ಗಾಳಿಯಲ್ಲಿ ಹುಟ್ಟಿದ್ದಲ್ಲ. ಅದರ ವಾದ್ಯವನ್ನು ಕಟ್ಟಿದವರು ಲೂನಿ ಟ್ಯೂನ್ಸ್ ಎಂಬ ಜೋಡಿ. ಡೊಮಿನಿಕನ್ ಮೂಲದ ಈ ಇಬ್ಬರು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಭೋಜನಶಾಲೆಯಲ್ಲಿ ದುಡಿದವರು. ಅವರು ತಮ್ಮ ಕೈಚಳಕವನ್ನು ಲೋಕಕ್ಕೆ ತೋರಿಸಿದ್ದು 2003ರ ‘ಮಾಸ್ ಫ್ಲೋ’ದಲ್ಲಿ; ಅದೂ ಒಂದು ಸಂಕಲನ! ಡ್ಯಾಡಿ ಯಾಂಕಿ ಪ್ಲಾಯೆರೊನ ಕ್ಯಾಸೆಟ್ಟುಗಳಲ್ಲಿ ಹಾಡುತ್ತಿದ್ದಾಗ ಹದಿಹರೆಯದವನು. ‘ಗಾಸೊಲಿನಾ’ದಲ್ಲಿ ಅವನಿಗೆ ಎದುರುತ್ತರ ಕೊಡುವ ಹೆಣ್ಣುದನಿ ಗ್ಲೋರಿ ಎಂಬ ಗಾಯಕಿಯದು. ಲೋಕವೆಲ್ಲ ಆ ದನಿಯನ್ನು ಅನುಕರಿಸಿ ಕೂಗಿತು; ಆಕೆಯ ಹೆಸರನ್ನು ಎಷ್ಟು ಜನ ಬಲ್ಲರು? ಒಬ್ಬನ ಹೆಸರಿನ ಆಲ್ಬಮ್ಮೇ ಕೃತಿಯೆಂಬ ವಾದದ ಫಲ ಇದು. ಹತ್ತು ಜನರ ದನಿ ಒಬ್ಬನ ಖಾತೆಗೆ ಜಮೆಯಾಗುತ್ತದೆ. ಸಂತೆಯೆಂದು ಹಳಿದ ಸಂಕಲನದಲ್ಲಿ ಪ್ರತಿಯೊಬ್ಬನೂ ತನ್ನ ಹೆಸರನ್ನು ಕೂಗಿ ಹೇಳುತ್ತಿದ್ದನಲ್ಲ, ಆ ಕೂಗಿನ ಬೆಲೆ ಈಗ ತಿಳಿಯುತ್ತದೆ.

ವಾದ ಇಲ್ಲಿಗೆ ನಿಂತರೆ ನನಗೆ ಅನುಕೂಲ. ಆದರೆ ನ್ಯಾಯದ ಮಾತೆತ್ತಿದ ಮೇಲೆ ಸಂಕಲನದ ಮೇಲಿರುವ ಸಾಲವನ್ನೂ ಹೇಳಬೇಕು. ಆ ಸುತ್ತಿ ಸುತ್ತಿ ಬರುವ ತಾಳ ಯಾರದು? 1989ರಲ್ಲಿ ಜಮೈಕದ ಸ್ಟೀಲಿ ಮತ್ತು ಕ್ಲೀವಿ ಎಂಬ ಜೋಡಿ ‘ಫಿಶ್ ಮಾರ್ಕೆಟ್’ ಎಂಬ ವಾದ್ಯವನ್ನು ಮುದ್ರಿಸಿತು. ಮರುವರ್ಷ ಶಬ್ಬಾ ರ‍್ಯಾಂಕ್ಸ್ ‘ಡೆಮ್ ಬೋ’ ಹಾಡಿದ. ಕಾಲುವೆ ತೋಡಲು ಹೋದ ಕೆರಿಬಿಯನ್ ಕೂಲಿಗಳ ಸಂತತಿಯವರು ಪನಾಮದಲ್ಲಿ ಅದನ್ನು ಸ್ಪ್ಯಾನಿಷಿಗೆ ತಂದರು. ನ್ಯೂಯಾರ್ಕಿನಲ್ಲಿ ಅದರ ಹೊಸ ರೂಪಗಳು ಮುದ್ರಿತವಾದುವು. ಅಲ್ಲಿಂದ ಪೋರ್ಟೊ ರಿಕೊಗೆ. ಊರು ದಾಟಿದಂತೆಲ್ಲ ತಾಳ ಬೆಳೆಯಿತು, ಮೂಲದವರ ಹೆಸರು ಅಳಿಯಿತು. ಸ್ಟೀಲಿ 2009ರಲ್ಲಿ ತೀರಿಕೊಂಡ. 2021ರಲ್ಲಿ ಅವನ ಜೊತೆಗಾರನ ಕಡೆಯವರು ಅಮೆರಿಕದ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಅದು ಬೆಳೆದು ನೂರಕ್ಕೂ ಹೆಚ್ಚು ಕಲಾವಿದರನ್ನೂ 1,800ರಷ್ಟು ಹಾಡುಗಳನ್ನೂ ಒಳಗೊಂಡಿತು. ದಾವೆಯನ್ನು ವಜಾಮಾಡಬೇಕೆಂಬ ಪ್ರತಿವಾದಿಗಳ ಕೋರಿಕೆಯನ್ನು ನ್ಯಾಯಾಲಯ 2024ರಲ್ಲಿ ಬಹುಮಟ್ಟಿಗೆ ಒಪ್ಪಲಿಲ್ಲ.

ಇದನ್ನು ನೋಡಿ ಮಿತ್ರರು, “ನೋಡಿದಿರಾ, ಸಂಕಲನವೆಂದರೆ ಕಳ್ಳಮಾಲು” ಎಂದಾರು. ಹಾಗಲ್ಲ. ಮುನ್ನೂರು ರೂಪಾಯಿಗೂ ಗತಿಯಿಲ್ಲದ ಹುಡುಗ ಕೈಕ್ಯಾಸೆಟ್ಟಿಗೆ ತೆಗೆದುಕೊಂಡದ್ದು ಎರವಲು. ಕೋಟಿಗಳ ಲಾಭ ಬಂದಮೇಲೂ ಹಿಂತಿರುಗಿಸದಿದ್ದರೆ ಅದು ಕಳವು. ಸಾಲ ಕ್ಯಾಸೆಟ್ಟಿನದಲ್ಲ, ಲಾಭ ಉಂಡವರದು. ಅದನ್ನು ತೀರಿಸಲಿ, ಕ್ಲೀವಿಗೂ ಸ್ಟೀಲಿಯ ಮನೆಯವರಿಗೂ ಸಲ್ಲಬೇಕಾದ್ದು ಸಲ್ಲಲಿ. ಆದರೆ ಹಣ ತೆರುವ ನೆಪದಲ್ಲಿ ‘ತಕಿಟ ತಕಿಟ ತಕ’ಕ್ಕೇ ಬೇಲಿ ಹಾಕಿ, ನಾಳೆ ವಸತಿಯ ಹುಡುಗಿಯೊಬ್ಬಳು ಬಾಯಿ ತೆರೆಯುವ ಮುನ್ನ ವಕೀಲನನ್ನು ಹುಡುಕಬೇಕಾದ ಸ್ಥಿತಿ ಬರಬಾರದು. ಹಾಗೆ ಬಂದಿದ್ದರೆ 1995ರಲ್ಲಿ ಐವಿ ಕ್ವೀನ್ ಇರುತ್ತಿರಲಿಲ್ಲ.

ಇಂದು ಕೇಳುವವನ ಮುಂದೆ ಹಾಡುಗಳ ಪಟ್ಟಿಗಳಿಗೇನೂ ಕೊರತೆಯಿಲ್ಲ. ಯಂತ್ರವೇ ನಮ್ಮ ರುಚಿಯನ್ನು ಲೆಕ್ಕಹಾಕಿ ಪಟ್ಟಿ ಕಟ್ಟಿಕೊಡುತ್ತದೆ. ಅದಕ್ಕೂ ಹಳೆಯ ಸಂಕಲನಕ್ಕೂ ಒಂದು ವ್ಯತ್ಯಾಸ. ಯಂತ್ರ ನಮಗೆ ಈಗಾಗಲೇ ಹಿಡಿಸಿದ್ದನ್ನು ಮತ್ತೆ ಬಡಿಸುತ್ತದೆ. ನೆಗ್ರೊ ಹಾಗೆ ಲೆಕ್ಕಹಾಕಿದ್ದರೆ, ಹುಡುಗರ ಪಂಕ್ತಿಯಲ್ಲಿ ಆ ಒಬ್ಬ ಹುಡುಗಿಗೆ ಎಲೆ ಹಾಕುತ್ತಿರಲಿಲ್ಲ. ಕೇಳುವವನು ಬಯಸದಿದ್ದ ದನಿಯನ್ನು ಅವನ ಕಿವಿಗೆ ತಲಪಿಸುವ ಧೈರ್ಯವೇ ಸಂಕಲನಕಾರನ ಪ್ರತಿಭೆ.

2021ರಲ್ಲಿ ಈ ಸಂಗೀತದ ಚರಿತ್ರೆಯನ್ನು ಕುರಿತು ‘ಲೌಡ್’ ಎಂಬ ಧ್ವನಿಮಾಲಿಕೆ ಹೊರಬಂದಾಗ ಕಥೆ ಹೇಳುವ ಕೆಲಸವನ್ನು ಐವಿ ಕ್ವೀನಳಿಗೇ ಒಪ್ಪಿಸಿದರು. ಅಪರಾಧಿಗಳಲ್ಲವೆಂದು ಸಾಕ್ಷಿ ಹೇಳಲು ಬಂದ ಹುಡುಗಿ ಇಪ್ಪತ್ತಾರು ವರ್ಷಗಳಮೇಲೆ ಚರಿತ್ರಕಾರಳ ಪೀಠದಲ್ಲಿ ಕುಳಿತಳು. ಮಿತ್ರರು ಮತ್ತೆ ಬಂದಾಗ ಆ ಪಟ್ಟಿಯನ್ನು ಮೇಜಿನ ಮೇಲೆಯೇ ಇಟ್ಟಿರುತ್ತೇನೆ. ಅವು ಮನೆಯ ನಂಬರುಗಳೇ ಹೌದು. ಒಳಗೆ ಯಾರು ಯಾರು ವಾಸವಾಗಿದ್ದರೆಂದು ಒಮ್ಮೆ ಬಾಗಿಲು ತಟ್ಟಿ ಕೇಳಿದರೆ ಸಾಕು.